ಇಬ್ಬರಿಗೆ ಸಾಲುವಷ್ಟು ಹಾಲು

ಹಾಲಿರುವ ಹೆಂಗಸರನ್ನು ಹುಡುಕಿ ಕೊಡುವುದು ಆಗ ನನ್ನ ಕೆಲಸದ ಒಂದು ಭಾಗವಾಗಿತ್ತು. ಬಾಣಂತಿ ತೀರಿಕೊಂಡ ಮನೆಯಿಂದಲೋ, ತಾಯಿಗೆ ಎದೆಹಾಲು ಬತ್ತಿದ ಮನೆಯಿಂದಲೋ ನಾನು ನರ್ಸಾಗಿದ್ದ ಪುಣೆಯ ಹೆರಿಗೆಮನೆಗೆ ಚೀಟಿ ಬರುತ್ತಿತ್ತು. ಡಾಕ್ಟರಬಾಯಿ ಅದನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದಾರೆಯೇ ನೋಡಿ" ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಯಾರಾದರೂ ಇದ್ದೇ ಇರುತ್ತಿದ್ದರು. ಮಂಗಳವಾರ ಪೇಠೆಯ ಹಿಂದಿನ ಆ ಓಣಿಯಲ್ಲಿ ವಾರಕ್ಕೊಮ್ಮೆ ಕೂಸುಗಳನ್ನು ತೂಗುತ್ತಿದ್ದವಳು ನಾನೇ. ಯಾರ ಕೂಸು ವಾರಕ್ಕೆ ಐದಾರು ಔನ್ಸ್ ಏರುತ್ತಿದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಕೂಸು ಏರುತ್ತಿದ್ದರೆ ತಾಯಿಯಲ್ಲಿ ಹಾಲಿದೆ ಎಂದೇ ಅರ್ಥ.

ಆರಿಸುವುದಕ್ಕೆ ಒಂದು ಕ್ರಮವಿತ್ತು. ಹಲ್ಲು, ಒಸಡು ನೋಡಬೇಕು. ಕೊರಳಿನಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಬೇಕು. ಮೈಮೇಲೆ ಹುಣ್ಣಿನ ಕಲೆ ಇರಬಾರದು. ಒಂದು ಹನಿ ಹಾಲನ್ನು ಹೆಬ್ಬೆರಳ ಉಗುರಿನ ಮೇಲೆ ಹಿಂಡಿಸಿ, ಅದು ಗುಂಡಗೆ ನಿಲ್ಲುತ್ತದೆಯೋ ಹರಿದುಹೋಗುತ್ತದೆಯೋ ನೋಡಬೇಕು. ಕೊನೆಗೆ ಡಾಕ್ಟರಬಾಯಿ ಎದೆಗೆ ನಳಿಗೆ ಇಟ್ಟು ಕೇಳುತ್ತಿದ್ದರು. ಇಷ್ಟಾದ ಮೇಲೆ ಚೀಟಿ ಕಳಿಸಿದ ಮನೆಯವರು ಜಾತಿ ಕೇಳುತ್ತಿದ್ದರು. ಅದು ನಡೆಯುತ್ತದೆ ಎಂದಾದರೆ ಆಕೆ ಮರುದಿನವೇ ಸೀರೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದಳು. ಆಕೆಯ ಸ್ವಂತ ಕೂಸಿನ ಬಗ್ಗೆ ನಾವು ಕೇಳುತ್ತಿದ್ದದ್ದು ಒಂದೇ ಮಾತು, "ಮನ್ಯಾಗ ನೋಡ್ಕೊಳ್ಳೋರು ಇದ್ದಾರೇನು?" ಎಲ್ಲರೂ ಇದ್ದಾರೆ ಎನ್ನುತ್ತಿದ್ದರು.

ನಾನು ಧಾರವಾಡದವಳು. ಓಣಿಯಲ್ಲಿ ವಿಜಾಪುರದ ಕಡೆಯಿಂದ ಬಂದ ಕೂಲಿಯವರು ಬಹಳ ಇದ್ದುದರಿಂದ ಡಾಕ್ಟರಬಾಯಿ ಆ ಓಣಿಯನ್ನು ನನಗೆ ಒಪ್ಪಿಸಿದ್ದರು. ಪ್ರತಿ ಮಂಗಳವಾರ ಹಳೆಯ ಧರ್ಮಶಾಲೆಯ ಜಗಲಿಯ ಮೇಲೆ ತಕ್ಕಡಿ ಇಟ್ಟುಕೊಂಡು ಕೂಡುತ್ತಿದ್ದೆ. ಮೊದಲು ಅರಿವೆಯ ತೂಕ, ಆಮೇಲೆ ಅರಿವೆಯ ಸಮೇತ ಕೂಸಿನ ತೂಕ. ಕಳೆದು ಉಳಿದದ್ದನ್ನು ಆ ಕೂಸಿನ ಕಾರ್ಡಿನ ಮೇಲೆ ಬರೆದು ತಾಯಿಯ ಕೈಗೆ ಕೊಡುತ್ತಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಕಾರ್ಡನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದರು.

ಒಂದು ಮಂಗಳವಾರ ಒಬ್ಬ ಮುದುಕಿ ಕೂಸಿಲ್ಲದೆ ಬಂದಳು. ಎಲ್ಲರೂ ಹೋಗುವ ತನಕ ಗೋಡೆಗೆ ಆತು ಕೂತಿದ್ದು, ಆಮೇಲೆ ಮೊಮ್ಮಗನ ಕಾರ್ಡನ್ನು ನನ್ನ ಮುಂದೆ ಇಟ್ಟಳು.

"ಇದು ಇನ್ನ ಬ್ಯಾಡ್ರಿ ಬಾಯಾರ. ನೀವಽ ಇಟ್ಕೋರಿ."

ಅವಳ ಸೊಸೆಯನ್ನು ನಾಲ್ಕು ತಿಂಗಳ ಹಿಂದೆ ನಾನೇ ಆರಿಸಿ ರವಿವಾರ ಪೇಠೆಯ ಒಬ್ಬ ವ್ಯಾಪಾರಿಯ ಮನೆಗೆ ಕಳಿಸಿದ್ದೆ.

"ಏನಾತು?"

"ಹೊಟ್ಟಿ ಕಡೀತು. ಮೂರು ದಿನ ನೀರನೀರ ಹೋತು. ಡಬ್ಬಿ ಹಾಲು ಕುಡಸ್ತಿದ್ದೆ. ಅದು ಮುಗದಾಗ ಗವಳಿ ಹಾಲು, ಅದೂ ಇಲ್ಲದಾಗ ಹಿಟ್ಟಿನ ಗಂಜಿ."

"ಕೂಸಿನ ಅವ್ವಗ ಗೊತ್ತಾಗೇದೇನು?"

ಮುದುಕಿ ನನ್ನ ಮುಖ ನೋಡಿದಳು. "ಹೇಳಿಲ್ರಿ. ಹೇಳಿದ್ರ ಆಕಿ ಹಾಲು ಬತ್ತತಾವ. ಹಾಲು ಬತ್ತಿದ್ರ ಆ ಮನ್ಯಾಗ ಯಾಕ ಇಟ್ಕೋತಾರ? ಇದ್ದ ಒಂದು ಕೂಸೂ ಹೋತು, ಆಕಿ ಅನ್ನಾನೂ ಯಾಕ ಹೋಗಬೇಕು? ಹೋದ ಐತವಾರ ಬಾಗಲದಾಗ ನಿಂತು ಕೇಳಿದ್ಲು, ಹ್ಯಾಂಗಿದ್ದಾನ ಅಂತ. ಚೊಲೋ ಇದ್ದಾನ ಅಂದೆ."

ಅಂದು ತಕ್ಕಡಿ ಮಡಚಿಕೊಂಡು ಹೆರಿಗೆಮನೆಗೆ ಬಂದವಳು ಕಾರ್ಡುಗಳ ನಕಲು ಇಟ್ಟಿದ್ದ ಪೆಟ್ಟಿಗೆ ತೆಗೆದೆ. ಒಂದು ವರ್ಷದಲ್ಲಿ ನಾನು ಮೂವರನ್ನು ಕಳಿಸಿದ್ದೆ. ಮೂರೂ ಕೂಸುಗಳ ತೂಕ ತಾಯಿ ಹೋದ ವಾರದಿಂದಲೇ ಇಳಿಯಲು ಶುರುವಾಗಿತ್ತು. ಒಂದು ಕಾರ್ಡು ಆರನೆಯ ವಾರಕ್ಕೆ ನಿಂತಿತ್ತು. ಆ ಮನೆಯವರು ಊರಿಗೆ ಹೋದರೇನೋ ಎಂದುಕೊಂಡಿದ್ದೆ. ವಿಚಾರಿಸಿದೆ. ಊರಿಗೆ ಹೋಗಿರಲಿಲ್ಲ. ಮೂರರಲ್ಲಿ ಎರಡು ಕೂಸು ಹೋಗಿದ್ದವು. ಮ್ಯುನಿಸಿಪಾಲಿಟಿಯ ಮರಣದ ವಹಿಯಲ್ಲಿ ಒಂದಕ್ಕೆ ಹೊಟ್ಟೆಬೇನೆ, ಇನ್ನೊಂದಕ್ಕೆ ಜ್ವರ ಎಂದು ಬರೆದಿತ್ತು. ತಾಯಿ ಎಲ್ಲಿದ್ದಳು ಎಂದು ಬರೆಯಲು ಆ ವಹಿಯಲ್ಲಿ ಜಾಗವಿರಲಿಲ್ಲ.

ಡಾಕ್ಟರಬಾಯಿಗೆ ಹೇಳಿದೆ. ಅವರು ಒಳ್ಳೆಯವರು, ದಿನಕ್ಕೆ ಹದಿನಾಲ್ಕು ತಾಸು ನಿಂತು ದುಡಿಯುವವರು. ಸುಮ್ಮನೆ ಕೇಳಿಸಿಕೊಂಡು, "ಅಜ್ಜಿಯರಿಗೆ ನೀರು ಕುದಿಸುವುದನ್ನು ಕಲಿಸಿ" ಎಂದರು. ನಾನು ಕಲಿಸಿರಲಿಲ್ಲವೇ? ಆ ಮನೆಗಳಲ್ಲಿ ಇದ್ದದ್ದು ಒಂದೇ ಪಾತ್ರೆ. ನಳ ಓಣಿಯ ಬಾಯಲ್ಲಿ. ಸರತಿ ಬರುವ ಹೊತ್ತಿಗೆ ನೀರು ನಿಂತಿರುತ್ತಿತ್ತು. ರೊಟ್ಟಿಗೇ ಸಾಲದ ಕಟ್ಟಿಗೆ ನೀರು ಕುದಿಸಲು ಎಲ್ಲಿಂದ ಬರಬೇಕು? ವಾಕಡದ ಕಡೆಯಿಂದ ಗವಳಿ ಹೊತ್ತು ತರುವ ಎಮ್ಮೆಹಾಲು ಓಣಿ ಮುಟ್ಟುವಾಗ ಬಿಸಿಲೇರಿರುತ್ತಿತ್ತು, ಅರ್ಧ ನೀರೂ ಸೇರಿರುತ್ತಿತ್ತು. ಇದನ್ನೆಲ್ಲ ಹೇಳಿದೆ. "ಹಾಗಾದರೆ ತಾಯಿಯಿಲ್ಲದ ಕೂಸುಗಳನ್ನು ಏನು ಮಾಡಲಿ? ಸಾಯಲು ಬಿಡಲೇ?" ಎಂದು ಕೇಳಿದರು. ಸುಮಾರು ಒಂದು ತಿಂಗಳು ಉತ್ತರವಿಲ್ಲದೆಯೇ ಕೆಲಸ ಮಾಡಿದೆ.

ಆಮೇಲೆ ಸದಾಶಿವ ಪೇಠೆಯಿಂದ ಚೀಟಿ ಬಂತು. ನಮ್ಮ ಕಡೆಯವರೇ ಆದ ಒಬ್ಬ ವಕೀಲರ ಮನೆ. ವಕೀಲರ ಹೆಂಡತಿ ಹೆತ್ತ ಆರನೆಯ ದಿನ ಬಾಣಂತಿ ಜ್ವರದಿಂದ ಹೋಗಿದ್ದಳು. ಕೂಸಿಗೆ ಅಂದಿಗೆ ಹತ್ತು ದಿನ. ಡಾಕ್ಟರಬಾಯಿಯ ಜೊತೆ ನಾನೂ ಟಾಂಗಾದಲ್ಲಿ ಹೋದೆ. ಗಂಡು ಕೂಸು. ಹುಟ್ಟಿದಾಗ ಆರು ಪೌಂಡು ಇದ್ದದ್ದು ಈಗ ಐದು ಪೌಂಡು ಎರಡು ಔನ್ಸಿಗೆ ಇಳಿದಿತ್ತು. ತೊಡೆಯ ಚರ್ಮ ಮುದುಕರದಂತೆ ಜೋತುಬಿದ್ದಿತ್ತು. ಹಾಲು ಕುಡಿಸುತ್ತಿದ್ದದ್ದು ಉದ್ದ ರಬ್ಬರು ನಳಿಗೆಯ ಬಾಟಲಿಯಲ್ಲಿ. ನಾನು ಆ ನಳಿಗೆಯನ್ನು ಕತ್ತರಿಯಿಂದ ಸೀಳಿ ವಕೀಲರ ತಾಯಿಯ ಮೂಗಿನ ಹತ್ತಿರ ಹಿಡಿದೆ. ಒಳಗೆಲ್ಲ ಹಳದಿ ಲೋಳೆ ಅಂಟಿತ್ತು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಇದನ್ನ ಇಂಗ್ಲಿಷ್ ಅಂಗಡಿಯಿಂದ ತರಿಸಿದ್ದು ನೋಡವಾ. ಭಾಳ ಚೊಲೋ ಅಂತ ಹೇಳಿದ್ರು."

ಡಾಕ್ಟರಬಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಮೂರು ದಿನ. ಅದಕ್ಕಿಂತ ಹೆಚ್ಚು ಇದು ತಾಳುವುದಿಲ್ಲ. ಇವತ್ತೇ ಯಾರನ್ನಾದರೂ ಕರೆತನ್ನಿ" ಎಂದರು.

ಯಾರೆಂದು ನನಗೆ ಚೀಟಿ ನೋಡಿದಾಗಲೇ ಗೊತ್ತಿತ್ತು. ಓಣಿಯಲ್ಲಿ ಎಲ್ಲರೂ ಸಿಂದಗಿಯಾಕಿ ಎಂದು ಕರೆಯುತ್ತಿದ್ದ ಹೆಣ್ಣುಮಗಳು. ನಾಲ್ಕು ತಿಂಗಳ ಮಗಳು ಹನ್ನೊಂದು ಪೌಂಡು ನಾಲ್ಕು ಔನ್ಸ್ ಇದ್ದಳು. ಆ ಓಣಿಯಲ್ಲಿ ನಾನು ತೂಗಿದ ಅತ್ಯಂತ ಗಟ್ಟಿ ಕೂಸು. ಗಂಡ ಚಾಕಣದ ರಸ್ತೆಗೆ ಜಲ್ಲಿಯ ಖಡಿ ಒಡೆಯುವ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಇದ್ದಳು. ನಾನು ಹೋಗಿ ವಿಷಯ ಹೇಳಿ ಮುಗಿಸುವ ಮೊದಲೇ ಆಕೆ ಎದ್ದು ನಿಂತಳು.

"ಬರ್ತೀನ್ರಿ ಬಾಯಾರ. ಕೂಸಿನ್ನ ಅತ್ತಿ ನೋಡ್ಕೋತಾಳ."

ಅತ್ತೆ ಹೂಂ ಎಂದಳು. ಕೂಸು ಅತ್ತೆಯ ಮಡಿಲಲ್ಲಿ ಕಾಲು ಆಡಿಸುತ್ತಿತ್ತು. ನನಗೆ ಕಾರ್ಡು ತಂದಿಟ್ಟ ಆ ಮುದುಕಿಯ ಮುಖ ಕಣ್ಣ ಮುಂದೆ ಬಂತು.

"ಕೂಸಿನ್ನೂ ಎತ್ಕೊಂಡು ಬಾ," ಎಂದೆ.

"ಅವ್ರು ಒಪ್ಪತಾರೇನ್ರಿ?"

"ಗೊತ್ತಿಲ್ಲ. ಬಾ."

ಅವರು ಒಪ್ಪಲಿಲ್ಲ. ವಾಡೆಯ ಹಿತ್ತಲ ಪಡಸಾಲೆಯಲ್ಲಿ ನಾವು ನಿಂತೇ ಇದ್ದೆವು. ವಕೀಲರು ನಾಲ್ಕು ದಿನದಿಂದ ನಿದ್ದೆ ಕಾಣದ ಕಣ್ಣಿನಲ್ಲಿ ತಾಯಿಯ ಕಡೆ ನೋಡಿದರು. ವಕೀಲರ ತಾಯಿಯೇ ಮಾತಾಡಿದರು.

"ಎರಡು ಕೂಸಿಗೆ ಒಬ್ಬಾಕಿ ಹಾಲು ಎಲ್ಲಿ ಸಾಲ್ತದ ನರ್ಸಬಾಯಿ? ಯಾವ ತಾಯಿ ತನ್ನ ಕೂಸಿಗೆ ಕಡಿಮಿ ಮಾಡಿ ಮಂದಿ ಕೂಸಿಗೆ ಕುಡಸ್ತಾಳ? ನಮ್ಮ ಕೂಸಿಗೆ ಉಳದ ಬಳದದ್ದು. ಅದನ್ನ ಕಳಿಸಿಬಿಡ್ರಿ. ಡಬ್ಬಿ ಹಾಲು ಎಷ್ಟು ಬೇಕು ಅಷ್ಟು ನಾವು ಕೊಡಸ್ತೀವಿ."

"ಡಬ್ಬಿ ಹಾಲಿನಿಂದ ಕೂಸು ಬದುಕೂದಾದ್ರ ನಿಮ್ಮ ಮೊಮ್ಮಗನಿಗೇ ಕುಡಿಸಬಹುದಿತ್ತಲ್ರಿ," ಎಂದೆ.

ಮಾತು ಗಡುಸಾಯಿತು. ಸತ್ತವಳಿಗೆ ಇನ್ನೂ ಹತ್ತರ ದಿನ ಕೂಡ ಆಗಿರಲಿಲ್ಲ. ಡಾಕ್ಟರಬಾಯಿಯ ಮುಖ ಕೆಂಪಾಯಿತು. ಮರಾಠಿಯಲ್ಲಿ ಮೆಲ್ಲಗೆ, "ನೀವು ಚೌಕಾಶಿ ಮಾಡುತ್ತ ನಿಂತರೆ ಆ ಕೂಸು ಹೋಗುತ್ತದೆ. ಆ ಪಾಪ ಯಾರ ತಲೆಗೆ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಒಳಗೆ ತೊಟ್ಟಿಲಲ್ಲಿ ಅದು ಬೆಕ್ಕಿನ ಮರಿಯ ಹಾಗೆ ಅಳುತ್ತಿತ್ತು. ನಾನು ಇನ್ನೊಂದು ತಾಸು ಹಟ ಹಿಡಿದಿದ್ದರೆ ಏನಾಗುತ್ತಿತ್ತೋ, ಈಗಲೂ ಯೋಚಿಸಲು ಮನಸ್ಸಿಲ್ಲ.

ಕೊನೆಗೆ ಒಂದು ಉಪಾಯ ಮುಂದಿಟ್ಟೆ. ಮೂರು ದಿನ ಎರಡೂ ಕೂಸು ಇಲ್ಲೇ ಇರಲಿ. ನಾನು ತಕ್ಕಡಿ ತಂದು ಬೆಳಗಿನಿಂದ ದೀಪ ಹಚ್ಚುವ ತನಕ ಇಲ್ಲೇ ಕೂಡುತ್ತೇನೆ. ಪ್ರತಿ ಸಲ ಕುಡಿಯುವ ಮೊದಲೊಮ್ಮೆ, ಕುಡಿದ ಮೇಲೊಮ್ಮೆ ಕೂಸನ್ನು ತೂಗುತ್ತೇನೆ. ನಡುವಿನ ಅಂತರವೇ ಅದು ಕುಡಿದ ಹಾಲು. ಅರಿವೆ ಒದ್ದೆಯಾದರೂ ಬದಲಿಸದೆ ತೂಗಬೇಕು, ಅಷ್ಟೇ. ವಕೀಲರ ಕೂಸಿಗೆ ಕಡಿಮೆ ಬಿದ್ದರೆ ಮೂರನೆಯ ದಿನ ಆ ಹುಡುಗಿಯನ್ನು ನಾನೇ ಎತ್ತಿಕೊಂಡು ಹೋಗುತ್ತೇನೆ.

ವಕೀಲರಿಗೆ ಪುರಾವೆಯ ಮಾತು ಹಿಡಿಸಿತೆಂದು ಕಾಣುತ್ತದೆ. "ಆಗಲಿ ಅವ್ವಾ," ಎಂದರು.

ತಾಯಿ ನಿಟ್ಟುಸಿರು ಬಿಟ್ಟರು. "ಸೂತಕದ ಮನಿ, ಈಗ ಮಡಿ ಅನ್ನೋದೇನೂ ಉಳದಿಲ್ಲ. ಇರಲಿ. ಆದ್ರ ನಮ್ಮ ಕೂಸಿಗೆ ಮೊದಲು ಕುಡಿಸಬೇಕು. ಮತ್ತ ಆ ಹುಡುಗಿ ಅತ್ತು ಗದ್ಲ ಮಾಡಬಾರದು. ಸತ್ತ ಮನಿ ಇದು, ಮಂದಿ ಬಂದು ಹೋಗಿ ಮಾಡ್ತಾರ."

ಸಿಂದಗಿಯಾಕಿ ತಲೆ ಆಡಿಸಿದಳು.

ಮರುದಿನ ಮುಂಜಾನೆ ಏಳಕ್ಕೆ ತಕ್ಕಡಿಯನ್ನು ಪಡಸಾಲೆಯಲ್ಲಿ ಹೂಡಿದೆ. ಆಕೆಗೆ ಎರಡು ಬಿಸಿ ರೊಟ್ಟಿ, ಬೇಳೆ, ಹಾಲು ಹೆಚ್ಚಲೆಂದು ಅಳವಿ ಬೀಜದ ಪಾಯಸ ಬಂತು. ಅಷ್ಟು ಊಟವನ್ನು ಆಕೆ ಮೊದಲು ಕೈಯಿಂದ ಮುಟ್ಟದೆ ನೋಡುತ್ತ ಕೂತಳು. ನಾನು ಗದರಿಸಿದ ಮೇಲೆ ಉಂಡಳು.

ಮೊದಲು ವಕೀಲರ ಕೂಸು. ಬಾಯಿಗೆ ಮೊಲೆ ಇಟ್ಟರೆ ನಾಲ್ಕು ಸಲ ಚೀಪಿ ನಿದ್ದೆಗೆ ಜಾರುತ್ತಿತ್ತು. ಕೆನ್ನೆ ತಟ್ಟಿದರೆ ಮತ್ತೆ ಎರಡು ಸಲ. ಇಪ್ಪತ್ತು ನಿಮಿಷ ಹೆಣಗಾಡಿ ತೂಗಿದರೆ ಒಂದು ಔನ್ಸ್. ಆಮೇಲೆ ಹುಡುಗಿ. ಅದು ಎರಡೂ ಕೈಯಿಂದ ಹಿಡಿದುಕೊಂಡು ಗಟಗಟ ಕುಡಿಯುವುದು ನಡುಮನೆಗೂ ಕೇಳುತ್ತಿತ್ತು. ಐದು ಸಲ ಹೀಗೆಯೇ ನಡೆಯಿತು. ಸಂಜೆ ಕೂಡಿಸಿ ನೋಡಿದೆ: ಇಬ್ಬರಿಗೂ ಸೇರಿ ಹಗಲಿಗೆ ಬೇಕಾದದ್ದಕ್ಕಿಂತ ಎಂಟು ಔನ್ಸ್ ಕಡಿಮೆ. ವಕೀಲರು ಕಚೇರಿಯ ಕೋಣೆಯಿಂದ ಬಂದು ಕೇಳಿದಾಗ ಪಡಸಾಲೆಯಲ್ಲಿ ನಿಂತೇ, "ಎಂಟು ಔನ್ಸ್ ಸಾಲಲಿಲ್ರಿ," ಎಂದು ಕನ್ನಡದಲ್ಲಿ ಹೇಳಿದೆ. ಸಿಂದಗಿಯಾಕಿ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ಕೇಳಿಸಿಕೊಂಡಳು ಎಂಬುದು ನನ್ನ ಗಮನಕ್ಕೇ ಬರಲಿಲ್ಲ.

ಎರಡನೆಯ ದಿನ ಸುಧಾರಿಸಿತು. ವಕೀಲರ ಕೂಸು ಪ್ರತಿ ಸಲ ಒಂದೂವರೆ ಔನ್ಸ್ ಕುಡಿಯಿತು. ಎದೆ ತುಂಬಿದ್ದರಿಂದ ಅದಕ್ಕೆ ಎಳೆಯುವ ಶ್ರಮ ಕಡಿಮೆಯಾಗಿತ್ತು. ಹುಡುಗಿ ಅಳಲೇ ಇಲ್ಲ. ಹೊತ್ತಿಗೆ ಸರಿಯಾಗಿ ಎಬ್ಬಿಸಿ ಮೊಲೆಗೆ ಹಚ್ಚಿದರೆ ಸ್ವಲ್ಪ ಕುಡಿದು ಮತ್ತೆ ಮಲಗುತ್ತಿದ್ದಳು.

"ಯಾಕ ಕುಡೀವಲ್ಲಳು?" ಎಂದೆ.

"ಹೊಟ್ಟಿ ತುಂಬೇದ್ರಿ. ರಾತ್ರಿ ಭಾಳ ಕುಡದಾಳ."

ವಕೀಲರ ತಾಯಿ ಬಂದು ನೋಡಿ, "ಶಾಣ್ಯಾ ಕೂಸು" ಎಂದು ಮೆಚ್ಚಿಕೊಂಡು ಹೋದರು. ಸಂಜೆ ಹುಡುಗಿಯ ಮೈತೂಕ ಹಿಂದಿನ ದಿನಕ್ಕಿಂತ ಮೂರು ಔನ್ಸ್ ಇಳಿದಿತ್ತು. ಹೊಸ ಜಾಗಕ್ಕೆ ಕೂಸು ಹೊಂದಿಕೊಳ್ಳುವುದರಲ್ಲಿ ಹೀಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ವಕೀಲರ ಕೂಸು ಮೊದಲ ಬಾರಿ ಇಳಿಯದೆ ನಿಂತಿತ್ತು. ದಣಿದಿದ್ದೆ. ಒಳ್ಳೆಯ ಸುದ್ದಿ ಬೇಕಾಗಿತ್ತು. ಅದನ್ನಷ್ಟೇ ನೋಡಿದೆ.

ಮೂರನೆಯ ದಿನ ಮುಂಜಾನೆ ನಾನು ಹೋದಾಗ ಹುಡುಗಿ ಮೂಲೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ತೂಗಲೆಂದು ಎತ್ತಿದೆ. ಕುತ್ತಿಗೆ ಹಿಂದಕ್ಕೆ ಬಿತ್ತು. ತುಟಿ ನೀಲಿಗಟ್ಟಿತ್ತು. ಕಣ್ಣಿನ ರೆಪ್ಪೆ ಬಿಡಿಸಿ ಬೆಳಕಿಗೆ ಹಿಡಿದರೆ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಉಸಿರು ಎಣಿಸಿದೆ. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕಿತ್ತೆಂದರೆ ಮುಂದಿನದು ಬರುವುದೇ ಇಲ್ಲವೇನೋ ಅನ್ನಿಸುತ್ತಿತ್ತು.

"ಏನು ಕೊಟ್ಟಿ ಇದಕ್ಕ?"

ಆಕೆಯ ಕೈ ಸೀರೆಯ ಗಂಟಿನ ಕಡೆ ಹೋಯಿತು.

"ಏನು ಕೊಟ್ಟಿ ಹೇಳು! ಗುಳಿಗಿ ಕೊಟ್ಟೀಯೇನು?"

ಆಕೆ ಸೀರೆಯ ಗಂಟು ಬಿಚ್ಚಿ ಎಲೆಯಲ್ಲಿ ಸುತ್ತಿದ ಸಣ್ಣ ಕಪ್ಪು ಗುಳಿಗೆಗಳನ್ನು ತೋರಿಸಿದಳು. ಬಾಳಗೋಳಿ. ಪೇಠೆಯ ಯಾವ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತಿದ್ದ ಅಫೀಮಿನ ಗುಳಿಗೆ. ಕೂಲಿಗೆ ಹೋಗುವ ತಾಯಂದಿರು ಕೂಸು ಮಲಗಿರಲಿ ಎಂದು ಕೊಡುತ್ತಿದ್ದದ್ದು.

"ನಿನ್ನೆ ಅರ್ಧ ಕೊಟ್ಟಿದ್ದೆ. ಇವತ್ತು ನಸಿಕಿನ್ಯಾಗ ಅಳಾಕ ಹತ್ತಿದ್ಲು, ಒಂದು ಪೂರಾ ಕೊಟ್ಟೆ. ನೀವಽ ಅಂದ್ರಲ್ರಿ ಬಾಯಾರ, ಹಾಲು ಸಾಲೂದಿಲ್ಲ ಅಂತ. ಈಕಿ ಕುಡೀಲಿಲ್ಲಂದ್ರ ಆ ಕೂಸಿಗೆ ಆಗ್ತದ ಅಂದ್ಕೊಂಡೆ. ಅತ್ತರ ಹೊರಗ ಹಾಕ್ತಾರ, ಮತ್ತ ಅತ್ತಿ ಹಂತ್ಯಾಕ ಬಿಟ್ಟು ಬರಬೇಕಾಗ್ತದ. ಇಲ್ಲೇ ಇದ್ರ ಕಣ್ಣಮುಂದರ ಇರ್ತಾಳ ಅಂತ..."

ಆಕೆ ಹಣೆ ಹಣೆ ಬಡಿದುಕೊಳ್ಳತೊಡಗಿದಳು.

ವಕೀಲರು ತಾವೇ ಟಾಂಗಾ ಹಿಡಿದು ಡಾಕ್ಟರಬಾಯಿಯನ್ನು ಕರೆತರಲು ಓಡಿದರು. ನಾನು ಹುಡುಗಿಯ ಅಂಗಿ ಬಿಚ್ಚಿ, ತಣ್ಣೀರಿನ ಬಟ್ಟೆಯಿಂದ ಮುಖ, ಎದೆ ಒರೆಸಿ, ಅಂಗಾಲಿಗೆ ಬೆರಳಿನಿಂದ ಹೊಡೆಯತೊಡಗಿದೆ. ಹೊಡೆದಾಗ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ನಿಲ್ಲಿಸಿದರೆ ಉಸಿರೂ ನಿಲ್ಲುತ್ತಿತ್ತು. ಎಷ್ಟು ಹೊತ್ತು ಹಾಗೆ ಮಾಡಿದೆನೋ, ಕೈ ಸೋತಿತು. ಆಗ ಯಾರೋ ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡರು. ವಕೀಲರ ತಾಯಿ.

"ಕೊಡು ಇಲ್ಲಿ. ನೀನು ಸ್ವಲ್ಪ ಕೂಡು."

ಅವರು ಹುಡುಗಿಯನ್ನು ಹೆಗಲಿಗೆ ನೇರ ಎತ್ತಿ ಹಿಡಿದು ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಬೆನ್ನು ತಟ್ಟುತ್ತ, ಕಿವಿ ಜಗ್ಗುತ್ತ, "ಏ ಹುಡುಗಿ, ಏಳಽ. ಏಳು, ಕಣ್ಣು ಬಿಡು" ಎಂದು ಜೋರಾಗಿ ಗದರುತ್ತ. ಅರವತ್ತು ದಾಟಿದವರು. ಬಿಸಿಲು ಬಂತು. ನೆರಳಿಗೆ ಬರ್ರಿ ಎಂದೆ, ಕೇಳಲಿಲ್ಲ. ನನ್ನ ಕಡೆ ನೋಡದೆಯೇ ಅಂದರು, "ಏಳು ಹೆತ್ತೀನಿ ನಾ. ಎರಡು ಉಳದ್ವು. ಮೂರಕ್ಕ ನಮ್ಮ ಅತ್ತಿ ಇದನ್ನಽ ತೇದು ಹಾಕ್ತಿದ್ರು, ಶಾಂತ ಮಲಗ್ತದ ಅಂತ. ಶಾಂತ ಮಲಗ್ತಿದ್ವು."

ಡಾಕ್ಟರಬಾಯಿ ಬಂದವರೇ ಕೆಲಸಕ್ಕೆ ಇಳಿದರು. ಸಣ್ಣ ರಬ್ಬರು ನಳಿಗೆಯನ್ನು ಬಾಯಿಯಿಂದ ಹೊಟ್ಟೆಗೆ ಇಳಿಸಿ, ವಿಷ ಮುರಿಯುವ ಕೆಂಪು ಪುಡಿ ಕರಗಿಸಿದ ಉಗುರುಬೆಚ್ಚಗಿನ ನೀರು ಹಾಕಿ, ನಳಿಗೆ ಬಗ್ಗಿಸಿ ಹೊರತೆಗೆದರು. ನಾಲ್ಕು ಸಲ ತೊಳೆದರು. ನೀರು ಬಣ್ಣಗೆಡದೆ ಹಿಂತಿರುಗಿದ ಮೇಲೆ ಅದೇ ನಳಿಗೆಯಲ್ಲಿ ಗಟ್ಟಿ ಕಾಫಿಯ ಕಷಾಯ ಸ್ವಲ್ಪ ಬಿಟ್ಟರು. ಆಮೇಲೆ ಮತ್ತೆ ನಡೆದಾಟ, ಅಂಗಾಲಿಗೆ ಏಟು. ನಾನು, ವಕೀಲರ ತಾಯಿ, ಸಿಂದಗಿಯಾಕಿ ಸರತಿಯ ಮೇಲೆ ಎತ್ತಿಕೊಂಡೆವು. ಮಧ್ಯಾಹ್ನ ಎರಡರ ಸುಮಾರಿಗೆ ಹುಡುಗಿ ಮುಖ ಸಿಂಡರಿಸಿ ಅತ್ತಳು. ಮೊದಲು ದನಿ ಇಲ್ಲದೆ, ಆಮೇಲೆ ವಾಡೆಯ ಮಾಳಿಗೆಯವರೆಲ್ಲ ಇಣುಕಿ ನೋಡುವಷ್ಟು ದೊಡ್ಡದಾಗಿ. ತಾಯಿ ಗಾಬರಿಯಿಂದ ಅದರ ಬಾಯಿಗೆ ಕೈ ಅಡ್ಡ ಇಡಲು ಹೋದಳು.

"ಅಳಲಿ ಬಿಡು," ಎಂದರು ವಕೀಲರ ತಾಯಿ. ಅಷ್ಟು ಹೇಳಿ ಒಳಗೆ ಹೋಗಿ ಮಲಗಿಬಿಟ್ಟರು.

ಅಂದು ನಾನು ಸೋತಿದ್ದೆ. ಡಾಕ್ಟರಬಾಯಿ ಕೈ ತೊಳೆಯುತ್ತ, "ಇನ್ನು ಸಾಕು. ಹುಡುಗಿಯನ್ನು ಕಳಿಸಿ. ಒಂದನ್ನು ಉಳಿಸಲು ಹೋಗಿ ಎರಡನ್ನೂ ಕಳೆದುಕೊಳ್ಳುತ್ತೇವೆ" ಎಂದರು. ನನ್ನ ಬಾಯಿಂದಲೇ ಬಂದ ಎಂಟು ಔನ್ಸಿನ ಮಾತು ಆ ಗುಳಿಗೆಯನ್ನು ನುಂಗಿಸಿತ್ತು. ವಾದ ಮಾಡುವ ಮುಖ ನನಗಿರಲಿಲ್ಲ. ಹುಡುಗಿಯ ಅರಿವೆ ಮಡಚತೊಡಗಿದೆ.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಿಂದಗಿಯಾಕಿ ಅಳುವ ಮಗಳನ್ನು ಎಡಗಡೆ ಮೊಲೆಗೆ ಹಚ್ಚಿಕೊಂಡು ಕೂತಿದ್ದಳು. ಹುಡುಗಿ ಚೀಪಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಬಲಗಡೆಯ ಕುಪ್ಪಸ ತಾನಾಗಿಯೇ ತೊಯ್ದು, ಹಾಲು ಹನಿಹನಿಯಾಗಿ ಮಡಿಲಿಗೆ ಬೀಳತೊಡಗಿತ್ತು. ಇದು ಯಾವ ಬಾಣಂತಿಗೂ ಗೊತ್ತಿರುವುದೇ. ನಾನೂ ನೂರು ಸಲ ನೋಡಿದ್ದೆ. ಒಂದು ಕಡೆ ಬಲವಾಗಿ ಎಳೆದರೆ ಇನ್ನೊಂದು ಕಡೆಗೂ ಹಾಲು ಇಳಿಯುತ್ತದೆ. ವಕೀಲರ ಕೂಸಿಗೆ ಇಲ್ಲದ್ದು ಆ ಎಳೆಯುವ ಬಲವೇ. ನಾವು ಅದನ್ನು ಮೊದಲು ಹಚ್ಚಿ, ಹಾಲು ಇಳಿಯುವ ಮೊದಲೇ ಸುಸ್ತು ಮಾಡಿಸುತ್ತಿದ್ದೆವು.

ಡಾಕ್ಟರಬಾಯಿಯನ್ನು ಕೇಳಲು ನಿಲ್ಲಲಿಲ್ಲ. ತೊಟ್ಟಿಲಿನಿಂದ ಗಂಡು ಕೂಸನ್ನು ಎತ್ತಿ ತೂಗಿ, ಸಿಂದಗಿಯಾಕಿಯ ಬಲತೊಡೆಯ ಕೆಳಗೆ ತಲೆದಿಂಬು ಇಟ್ಟು, ಬಲಗಡೆಗೆ ಹಚ್ಚಿದೆ. ಒಂದೇ ಮಡಿಲಲ್ಲಿ ಎರಡು ತಲೆ. ಹಾಲು ತಾನಾಗಿ ಬಾಯಿಗೆ ಬೀಳುತ್ತಿದ್ದಂತೆ ಅದು ಮೊದಲು ಕೆಮ್ಮಿತು, ಆಮೇಲೆ ನುಂಗತೊಡಗಿತು. ನುಂಗುವ ಸದ್ದು ಕೇಳಿಸಿತು. ಹತ್ತು ನಿಮಿಷದ ಮೇಲೆ ತೂಗಿದೆ. ತಕ್ಕಡಿ ತಪ್ಪು ತೋರಿಸುತ್ತಿದೆಯೇನೋ ಎಂದು ಇನ್ನೊಮ್ಮೆ ತೂಗಿದೆ. ಎರಡೂವರೆ ಔನ್ಸ್.

ಡಾಕ್ಟರಬಾಯಿ ತಕ್ಕಡಿಯ ಮುಳ್ಳನ್ನು ತಾವೇ ಬಾಗಿ ನೋಡಿದರು. ಟವೆಲ್ಲಿನಿಂದ ಕೈ ಒರೆಸಿಕೊಂಡರು. "ನಾಳೆಯೂ ಹೀಗೆಯೇ ಮಾಡಿ" ಎಂದು ಹೇಳಿ ಹೊರಟರು.

ಬಾಗಿಲಲ್ಲಿ ವಕೀಲರು ನಿಂತಿದ್ದರು. ನಾನು ಅವರಿಗೆ ಇಷ್ಟೇ ಹೇಳಿದೆ, "ಹುಡುಗಿ ಹೋದ್ರ ನಿಮ್ಮ ಕೂಸಿಗೆ ಹಾಲು ಇಳ್ಯೂದಿಲ್ರಿ." ಅವರು ಆ ಮಡಿಲನ್ನು ನೋಡಿ, "ಇರಲಿ" ಎಂದರು. ಅವರ ತಾಯಿಯ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಮರುದಿನದಿಂದ ಸಿಂದಗಿಯಾಕಿಯ ತಾಟಿಗೆ ಎರಡರ ಬದಲು ಮೂರು ರೊಟ್ಟಿ ಬರತೊಡಗಿದವು.

ಹಾಲು ಒಂದೇ ದಿನದಲ್ಲಿ ಏರಲಿಲ್ಲ. ಮೊದಲ ವಾರ ಹುಡುಗಿ ಅರೆಹೊಟ್ಟೆಯಲ್ಲೇ ಇದ್ದಳು, ಬಹಳ ಅತ್ತಳು. ಎಂಟನೆಯ ದಿನಕ್ಕೆ ಅಳು ಕಡಿಮೆಯಾಯಿತು. ಹನ್ನೆರಡನೆಯ ದಿನ ಎರಡೂ ಕೂಸುಗಳ ತೂಕ ಏರಿತ್ತು. ಅಷ್ಟರಲ್ಲಿ ಸತ್ತವಳ ಹದಿಮೂರನೆಯ ದಿನದ ಕರ್ಮ ಮುಗಿದು ಮನೆ ಮಡಿಯಾಗಿತ್ತು, ಆಕೆಯನ್ನೂ ಮಗಳನ್ನೂ ಹಿತ್ತಲ ಕೋಣೆಗೆ ಸರಿಸಿದರು. ಹಾಲೂಡಿಸುವಾಗ ಮಾತ್ರ ಗಂಡು ಕೂಸನ್ನು ಅಲ್ಲಿಗೆ ತಂದು ಕೊಟ್ಟು, ವಾಪಸು ಒಯ್ಯುವಾಗ ಅದರ ಅರಿವೆ ಬದಲಿಸುತ್ತಿದ್ದರು. ಹಾಗೆಯೇ ಹತ್ತು ತಿಂಗಳು ನಡೆಯಿತು. ಗಂಡು ಕೂಸು ಬದುಕಿತು. ಹುಡುಗಿ ಆ ಹಿತ್ತಲಲ್ಲೇ ನಡೆಯಲು ಕಲಿತಳು.

ಆ ವರ್ಷವೇ ಡಾಕ್ಟರಬಾಯಿ ಒಂದು ನಿಯಮ ಮಾಡಿದರು: ಹಾಲೂಡುವವಳು ಬೇಕಾದ ಮನೆಯವರು ಆಕೆಯ ಕೂಸನ್ನೂ ಇಟ್ಟುಕೊಳ್ಳಬೇಕು, ಇಲ್ಲವಾದರೆ ನಮ್ಮಿಂದ ಯಾರೂ ಬರುವುದಿಲ್ಲ. ಅದನ್ನು ಬರೆಸಿ ಗೋಡೆಗೆ ತೂಗುಹಾಕಿದರು. ನಾನು ಗೆದ್ದೆ ಎಂದುಕೊಂಡೆ. ಮುಂದಿನ ವರ್ಷ ಎರಡೇ ಚೀಟಿ ಬಂದವು. ನಿಯಮ ಕೇಳಿ ಎರಡೂ ಮನೆಯವರು ತಿರುಗಿ ಬರಲಿಲ್ಲ. ಓಣಿಯಲ್ಲಿ ಹೆಂಗಸರನ್ನು ಮನೆಗಳಿಗೆ ಹೊಂದಿಸಿಕೊಡುವ ಒಬ್ಬ ಮುದುಕಿ ಹುಟ್ಟಿಕೊಂಡಳು. ಆಕೆ ಯಾರ ಕೂಸನ್ನೂ ತೂಗುತ್ತಿರಲಿಲ್ಲ. ಮಂಗಳವಾರ ಕಾರ್ಡು ಹಿಡಿದು ಬರಬೇಕಾದವರಲ್ಲಿ ಕೆಲವರು ಬರುವುದನ್ನು ಬಿಟ್ಟರು. ಯಾಕೆ ಬರಲಿಲ್ಲ ಎಂದು ಮನೆಗೆ ಹೋಗಿ ಕೇಳಿದರೆ ಅಜ್ಜಿಯ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಡಬ್ಬಿ. "ನಿಮಗ ಹೇಳಿದ್ರ ಬ್ಯಾಡ ಅಂತೀರಲ್ರಿ," ಎನ್ನುತ್ತಿದ್ದರು. ಕುಡಿಸುವ ಬಟ್ಟಲನ್ನು ತೊಳೆದು, ನೀರು ಕುದಿಸಿ ಹಾಕಬೇಕೆಂದು ಮತ್ತೆ ಹೇಳಿ ಬರುತ್ತಿದ್ದೆ.

ಮೂರು ವರ್ಷದ ಮೇಲೆ ಒಂದು ಮಂಗಳವಾರ ಸಿಂದಗಿಯಾಕಿ ಜಗಲಿಗೆ ಬಂದಳು. ನಡುವೆ ಒಂದು ಗಂಡು ಕೂಸನ್ನು ಹೆತ್ತು, ಎಂಟು ತಿಂಗಳಿಗೆ ಬೇಸಗೆಯ ಹೊಟ್ಟೆಬೇನೆಯಲ್ಲಿ ಕಳೆದುಕೊಂಡಿದ್ದಳು. ಈಗ ಮತ್ತೆ ಏಳು ತಿಂಗಳ ಗರ್ಭಿಣಿ. ತೋಳು ಕಡ್ಡಿಯಾಗಿದ್ದವು. ತಾನೂ ಖಡಿ ಒಡೆಯಲು ಹೋಗುತ್ತಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ರಕ್ತವೇ ಇಲ್ಲದಷ್ಟು ಬೆಳ್ಳಗಿತ್ತು. ಕಾಲಿನ ಬಾವು ಒತ್ತಿ ನೋಡಿದೆ. ಆಕೆ ಆಚೀಚೆ ನೋಡಿ, ಬೇರೆ ಹೆಂಗಸರಿಗೆ ಕೇಳದ ಹಾಗೆ ಬಗ್ಗಿ ಕೇಳಿದಳು.

"ಬಾಯಾರ, ನನಗ ಅಂಥಾದೊಂದು ಮನಿ ನೋಡ್ರಿ. ಹಡದಮ್ಯಾಲ ಹೋಗ್ತೀನಿ. ಕೂಸಿನ್ನ ಕರಕೊಂಡು ಹೋಗೂವಂಥಾದ್ದು. ಆ ಹತ್ತು ತಿಂಗಳ ಅಷ್ಟ ನೋಡ್ರಿ ನಾ ಹೊಟ್ಟಿತುಂಬ ಉಂಡದ್ದು. ನನ್ನ ಮಗಳೂ."

ಅಂಥ ಮನೆ ನನ್ನ ಬಳಿ ಒಂದೂ ಇರಲಿಲ್ಲ. ಹೆಂಗಸರನ್ನು ಹೊಂದಿಸಿಕೊಡುವ ಆ ಮುದುಕಿಯ ಬಳಿ ಮನೆಗಳಿದ್ದವು, ಆದರೆ ಕೂಸನ್ನು ಬಿಟ್ಟು ಹೋಗಬೇಕಾದಂಥವು. ಸಿಂದಗಿಯಾಕಿಗೂ ಅದು ಗೊತ್ತಿತ್ತು, ಆದರೂ ಮೊದಲು ನನ್ನ ಹತ್ತಿರ ಬಂದಿದ್ದಳು.

"ನೋಡ್ತೀನಿ," ಎಂದೆ. "ಹಡದ ವಾರದಾಗ ಕೂಸಿನ್ನ ತೂಕಕ್ಕ ತಗೊಂಡು ಬಾ."

"ಬರ್ತೀನ್ರಿ," ಎಂದಳು. ಮೊಣಕಾಲಿಗೆ ಕೈ ಊರಿ ಎದ್ದಳು. ಅವಳ ಹಿಂದೆ ಇನ್ನೂ ಹತ್ತು ಹನ್ನೊಂದು ಜನ ಕೂಸುಗಳನ್ನು ಹಿಡಿದು ಸಾಲಾಗಿ ಕೂತಿದ್ದರು. ಮುಂದಿನವಳ ಕೂಸಿನ ಅರಿವೆಯನ್ನು ತಟ್ಟೆಗೆ ಹಾಕಿ ತೂಗತೊಡಗಿದೆ.